‘ಕ್ವಿಜ್’ ಹುಟ್ಟಿದ್ದು ಡಬ್ಲಿನ್‌ನ ಗೋಡೆಗಳ ಮೇಲೆಯೇ?

ಪ್ರಶ್ನೆ: ನಾನು ಹೈಸ್ಕೂಲ್ ಶಿಕ್ಷಕ. ಬಹಳ ವರ್ಷಗಳಿಂದ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ ನಡೆಸಿಕೊಡುತ್ತಿದ್ದೇನೆ. ಪ್ರತಿ ಸಲವೂ ಆರಂಭದಲ್ಲಿ ‘ಕ್ವಿಜ್’ ಪದ ಹುಟ್ಟಿದ ಕತೆ ಹೇಳುವುದು ರೂಢಿ. 1791ರಲ್ಲಿ ಡಬ್ಲಿನ್‌ನ ನಾಟಕಶಾಲೆಯ ಯಜಮಾನ ರಿಚರ್ಡ್ ಡೇಲಿ, ಅರ್ಥವೇ ಇಲ್ಲದ ಪದವೊಂದನ್ನು 24 ಗಂಟೆಯೊಳಗೆ ಊರವರ ಬಾಯಲ್ಲೆಲ್ಲ ಆಡಿಸುತ್ತೇನೆಂದು ಬಾಜಿ ಕಟ್ಟಿದನಂತೆ. ಬೀದಿ ಹುಡುಗರಿಗೆ ಕಾಸು ಕೊಟ್ಟು ರಾತ್ರೋರಾತ್ರಿ ಗೋಡೆಗೋಡೆಯ ಮೇಲೂ ‘ಕ್ವಿಜ್’ ಎಂದು ಬರೆಸಿದನಂತೆ. ಬೆಳಗಾದಾಗ ಇದು ಯಾವುದೋ ಪರೀಕ್ಷೆ ಇರಬೇಕೆಂದು ಜನ ತಲೆ ಕೆಡಿಸಿಕೊಂಡರಂತೆ. ಹಾಗಾಗಿ ಪದಕ್ಕೆ ಆ ಅರ್ಥವೇ ಅಂಟಿಕೊಂಡಿತಂತೆ. ಈಗ ನಮ್ಮ ಸ್ಮರಣ ಸಂಚಿಕೆಗೆ ಇದನ್ನು ಬರೆದುಕೊಟ್ಟಾಗ ಸಹೋದ್ಯೋಗಿಯೊಬ್ಬರು, ‘ಇದು ಬರೀ ಸುಳ್ಳು, ನೀನು ಯಾರು ಎಂದು ಕೇಳುವ ಲ್ಯಾಟಿನ್ನಿನ ಕ್ವಿ ಎಸ್‌ನಿಂದ ಬಂದ ಪದ ಅದು’ ಎಂದು ತಕರಾರು ತೆಗೆದಿದ್ದಾರೆ. ನಿಘಂಟು ನೋಡಿದರೆ ‘ಮೂಲ ತಿಳಿಯದು’ ಎಂದಿದೆ. ನಾಲ್ಕಕ್ಷರದ ಪದದ ಮೂಲ ನಿಘಂಟಿನವರಿಗೇ ಗೊತ್ತಿಲ್ಲವೆಂದರೆ ಏನರ್ಥ? ಗೂಗಲ್ ಬುಕ್ಸ್‌ನಲ್ಲಿ ಹುಡುಕಿದರೆ 1600ರ ಆಸುಪಾಸಿನ ಪುಸ್ತಕಗಳಲ್ಲೂ ಈ ಪದ ಇದೆ ಎಂದು ತೋರಿಸುತ್ತಿದೆ. ಯಾವುದನ್ನು ಅಚ್ಚು ಹಾಕಿಸಲಿ? ಸ್ಪರ್ಧೆಯಲ್ಲಿ ಇದನ್ನೇ ಒಂದು ಪ್ರಶ್ನೆಯಾಗಿ ಕೇಳಬಹುದೇ?

ಉತ್ತರ: ಮೇಷ್ಟ್ರೇ, ನಿಮ್ಮ ಸಂಚಿಕೆ ಅಚ್ಚಿಗೆ ಹೋಗುವ ಆತುರದಲ್ಲಿರಬಹುದು, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಡೇಲಿ 1791ರಲ್ಲಿ ಈ ಪದವನ್ನು ಹುಟ್ಟಿಸಿದ ಎಂಬ ಮಾತು ನಿಲ್ಲುವುದಿಲ್ಲ. ನಿಮ್ಮ ಸಹೋದ್ಯೋಗಿಯ ಲ್ಯಾಟಿನ್ ವಾದಕ್ಕೂ ದಾಖಲೆಯ ಬಲವಿಲ್ಲ. ‘ಮೂಲ ತಿಳಿಯದು’ ಎಂದು ಒಪ್ಪಿಕೊಂಡ ನಿಘಂಟೇ ಸರಿ. ಹಾಗಂತ ಸಂಚಿಕೆಯ ಪುಟ ಖಾಲಿ ಬಿಡಬೇಕಾಗಿಲ್ಲ. ಹಳೆಯ ಕಾಗದಪತ್ರಗಳಲ್ಲಿ ಸಿಗುವ ‘ಕ್ವಿಜ್’ನ ಬದುಕು ಡೇಲಿಯ ಬಾಜಿಗಿಂತ ಎಷ್ಟೋ ರಂಗುರಂಗಾಗಿದೆ.

ಪದದ ಮೂಲ ಹುಡುಕುವ ನಮ್ಮಂಥವರು ಕತೆ ಕೇಳಿದ ತಕ್ಷಣ ಮಾಡುವ ಮೊದಲ ಕೆಲಸ ತೀರಾ ಸರಳ. ಕತೆಯಲ್ಲಿ ಇಸವಿ ಇದ್ದರೆ, ಅದಕ್ಕಿಂತ ಮುಂಚೆ ಆ ಪದ ಎಲ್ಲಾದರೂ ಇದೆಯೇ ಎಂದು ನೋಡುತ್ತೇವೆ. ಇಲ್ಲಿ ಇದೆ. ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ದಿನಚರಿಯಲ್ಲಿ 1782ರ ಜೂನ್ 24ರ ಬರಹದಲ್ಲಿ ‘ಅವನೊಬ್ಬ ತಮಾಷೆಯ ಕ್ವಿಜ್’ ಎಂಬ ಮಾತು ಬರುತ್ತದೆ. ಅಂದರೆ ವಿಚಿತ್ರ ಆಸಾಮಿ, ನೋಡಿದರೆ ನಗು ಬರುವಂಥವನು ಎಂದು. ಬಾಜಿ ನಡೆಯಿತೆನ್ನುವ ಇಸವಿಗಿಂತ ಒಂಬತ್ತು ವರ್ಷ ಹಿಂದಿನ ಬರಹ ಇದು.

ಇದಕ್ಕೊಂದು ಆಕ್ಷೇಪ ಬರಬಹುದು. ಬರ್ನಿಯ ದಿನಚರಿ ಅಚ್ಚಾಗಿದ್ದು ಆಕೆ ತೀರಿಕೊಂಡ ಮೇಲೆ, 1842ರಿಂದ ಈಚೆಗೆ. ಮುಪ್ಪಿನಲ್ಲಿ ಆಕೆ ತನ್ನ ಹಳೆಯ ಹಾಳೆಗಳನ್ನು ಬೇಕಾದಷ್ಟು ತಿದ್ದಿದ್ದೂ ನಿಜ. ‘ಆ ಪದ ಆಮೇಲೆ ಸೇರಿಸಿದ್ದಿರಬಹುದಲ್ಲ’ ಎಂದು ಕೇಳುವವರು ಕೇಳಲಿ. ಅದಕ್ಕೇ ಒಂದೇ ಸಾಕ್ಷಿಯನ್ನು ನೆಚ್ಚಿ ಕೂರಬಾರದು ಎನ್ನುವುದು. 1783ರ ನವೆಂಬರಿನ ‘ಲಂಡನ್ ಮ್ಯಾಗಜಿನ್’ ಅದೇ ಕಾಲಕ್ಕೆ ಅಚ್ಚಾದ ಪತ್ರಿಕೆ. ಅದರಲ್ಲಿ ಈ ಪದಕ್ಕೆ ವಿವರಣೆಯನ್ನೇ ಕೊಟ್ಟಿದ್ದಾರೆ. ಸಾಮಾನ್ಯ ಬಳಕೆಯಲ್ಲಿ ಕ್ವಿಜ್ ಎಂದರೆ ಲೋಕದ ಉಳಿದವರಿಗಿಂತ ಬೇರೆ ಥರ ಯೋಚಿಸುವ, ಮಾತಾಡುವ, ನಡೆದುಕೊಳ್ಳುವ ಮನುಷ್ಯ. ಆದರೆ ಯಾರು ಕ್ವಿಜ್, ಯಾರು ಅಲ್ಲ ಎಂದು ಹೇಳುವುದು ಕಷ್ಟ, ಏಕೆಂದರೆ ತನಗಿಂತ ಬೇರೆಯಾಗಿರುವವರನ್ನೆಲ್ಲ ಪ್ರತಿಯೊಬ್ಬರೂ ಹಾಗೇ ಕರೆಯುತ್ತಾರೆ ಎಂಬುದು ಅಲ್ಲಿನ ಮಾತಿನ ಸಾರ. ಇದರಲ್ಲಿ ‘ಸಾಮಾನ್ಯ ಬಳಕೆಯಲ್ಲಿ’ ಎಂಬ ಒಂದು ಮಾತಿದೆಯಲ್ಲ, ನನಗೆ ಅದೇ ಮುಖ್ಯ. ಹೊಸದಾಗಿ ಹುಟ್ಟಿದ ಪದದ ಬಗ್ಗೆ ಯಾರೂ ಹಾಗೆ ಬರೆಯುವುದಿಲ್ಲ. 1783ರ ಹೊತ್ತಿಗೇ ಓದುಗರ ನಡುವೆ ಓಡಾಡಿಕೊಂಡಿದ್ದ ಪದ ಅದು.

ಇಲ್ಲಿಗೆ ಡೇಲಿಯ ಕತೆ ಬಿತ್ತು ಎನ್ನಬಹುದು. ಆದರೆ ಇಸವಿಗಿಂತ ದೊಡ್ಡ ಪೆಟ್ಟು ಅದಕ್ಕೆ ಬೀಳುವುದು ಅರ್ಥದ ಕಡೆಯಿಂದ, ಮತ್ತು ಬಹಳ ಜನ ಗಮನಿಸದೆ ಬಿಡುವುದೂ ಇದನ್ನೇ. ಗೋಡೆ ಬರಹ ನೋಡಿ ಜನ ‘ಇದೇನೋ ಪರೀಕ್ಷೆ’ ಎಂದುಕೊಂಡರು, ಆದ್ದರಿಂದ ಕ್ವಿಜ್ ಎಂದರೆ ಪರೀಕ್ಷೆ ಎಂದಾಯಿತು ಎನ್ನುತ್ತೀರಿ. ಆದರೆ 1791ರಲ್ಲಿ, ಅದರ ಹಿಂದೆ ಮುಂದೆ ಹತ್ತಾರು ವರ್ಷ, ಇಂಗ್ಲಿಷ್‌ನಲ್ಲಿ ಕ್ವಿಜ್‌ಗೆ ಪರೀಕ್ಷೆಯ ಅರ್ಥವೇ ಇರಲಿಲ್ಲ! ಆಗ ಅದು ವಿಲಕ್ಷಣ ವ್ಯಕ್ತಿ, ಹಾಸ್ಯಾಸ್ಪದ ವಸ್ತು, ಕುಚೇಷ್ಟೆ. ಕ್ರಿಯಾಪದವಾದರೆ ಗೇಲಿ ಮಾಡು, ಛೇಡಿಸು. ಜೇನ್ ಆಸ್ಟೆನ್‌ಳ ‘ನಾರ್ತಾಂಗರ್ ಆ್ಯಬಿ’ಯಲ್ಲಿ ಜಾನ್ ಥಾರ್ಪ್ ಎಂಬ ಒರಟ ತನ್ನ ತಾಯಿಯನ್ನು ಕಂಡವನೇ ‘ಈ ಕ್ವಿಜ್ ಟೋಪಿ ಎಲ್ಲಿ ಸಿಕ್ಕಿತಮ್ಮ? ಮುದಿ ಮಾಟಗಾತಿಯ ಹಾಗೆ ಕಾಣುತ್ತೀಯ’ ಎನ್ನುತ್ತಾನೆ. ಆಸ್ಟೆನ್ ಅದನ್ನು ಬರೆದಿದ್ದು ಬಹುಮಟ್ಟಿಗೆ 1790ರ ದಶಕದ ಕೊನೆಯಲ್ಲಿ. ಪರೀಕ್ಷೆಯ ಅರ್ಥ ಹಾಕಿ ಓದಿದರೆ ಆ ಟೋಪಿಗೆ ತಲೆಬುಡ ಇರುವುದಿಲ್ಲ. ಅದೇ ಕಾಲದ ಶೋಕಿಲಾಲರು ಹಿಡಿಯಿರುವ ಒಂಟಿ ಗಾಜಿನ ಕನ್ನಡಕವೊಂದನ್ನು ಕೊರಳಿಗೆ ನೇತುಹಾಕಿಕೊಂಡು ಓಡಾಡುತ್ತಿದ್ದರು. ಅದರಲ್ಲಿ ಎದುರಿನವರನ್ನು ಅಡಿಯಿಂದ ಮುಡಿಯವರೆಗೆ ನೋಡುವುದು ಒಂದು ಠೀವಿ. ಅದರ ಹೆಸರು ‘ಕ್ವಿಜಿಂಗ್ ಗ್ಲಾಸ್’.

ಹಾಗಾದರೆ ಬಾಜಿಯ ಕತೆ ಎಲ್ಲಿಂದ ಬಂತು? ಅದು ಅಚ್ಚಿನಲ್ಲಿ ತಲೆ ಹಾಕುವುದು 1830ರ ದಶಕದಲ್ಲಿ. ಬೆಂಜಮಿನ್ ಸ್ಮಾರ್ಟ್ ಎಂಬಾತ ಜಾನ್ ವಾಕರ್‌ನ ಹಳೆಯ ಉಚ್ಚಾರಣಾ ನಿಘಂಟನ್ನು ಪರಿಷ್ಕರಿಸಿ 1836ರಲ್ಲಿ ಪ್ರಕಟಿಸಿದಾಗ ಕ್ವಿಜ್ ಪದದ ಕೆಳಗೆ ಈ ಕತೆಯನ್ನು ಸೇರಿಸಿದ. ನಿಘಂಟಿನಲ್ಲಿ ಬಂತೆಂದರೆ ಮುಗಿಯಿತು, ಗಾಳಿಮಾತಿಗೂ ಗೌರವ ಬಂದುಬಿಡುತ್ತದೆ. ಆದರೆ ಸ್ಮಾರ್ಟ್‌ನ ಬರಹವನ್ನು ನೀವು ಹೇಳುವ ಕತೆಯ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಇಸವಿ ಇಲ್ಲ. ಬೀದಿ ಹುಡುಗರಿಲ್ಲ. ಜನ ಅದನ್ನು ಪರೀಕ್ಷೆ ಎಂದುಕೊಂಡರು ಎಂಬ ಮಾತಂತೂ ಇಲ್ಲವೇ ಇಲ್ಲ. ಡೇಲಿ ಬಾಜಿ ಕಟ್ಟಿದ, ಕ್ಯೂ, ಯು, ಐ, ಜೆಡ್ ಎಂಬ ನಾಲ್ಕು ಅಕ್ಷರಗಳನ್ನು ಸೀಮೆಸುಣ್ಣದಲ್ಲಿ ಬರೆದೋ ಚೀಟಿ ಅಂಟಿಸಿಯೋ ಡಬ್ಲಿನ್‌ನ ಗೋಡೆಗಳನ್ನು ತುಂಬಿಸಲಾಯಿತು, ಬಾಜಿ ಗೆದ್ದ. ಅಷ್ಟೇ. ಉಳಿದ ರೆಕ್ಕೆಪುಕ್ಕವೆಲ್ಲ ಆಮೇಲಿನದು. ಪರೀಕ್ಷೆಯ ಮಾತು ಸೇರಿಕೊಂಡಿದ್ದು ಪದಕ್ಕೆ ಪರೀಕ್ಷೆಯ ಅರ್ಥ ಬಂದ ಮೇಲೆ. ಹೇಳುವವರು ತಮ್ಮ ಕಾಲದ ಅರ್ಥಕ್ಕೆ ಹೊಂದುವಂತೆ ಕತೆಯನ್ನು ತಿದ್ದಿಕೊಂಡರು.

ಡೇಲಿ ಕಲ್ಪಿತ ವ್ಯಕ್ತಿಯಲ್ಲ. ಡಬ್ಲಿನ್‌ನ ಸ್ಮಾಕ್ ಆ್ಯಲಿ ಮತ್ತು ಕ್ರೋ ಸ್ಟ್ರೀಟ್ ನಾಟಕಶಾಲೆಗಳನ್ನು ನಡೆಸಿದ ನಿಜವಾದ ಆಸಾಮಿ, ಜಗಳಗಂಟ, 1813ರವರೆಗೆ ಬದುಕಿದ್ದ. ಕತೆಗೆ ನಂಬಿಕೆ ಬರುವುದೂ ಅದರಿಂದಲೇ. ಆದರೆ ಇದೇ ಮಾತು ಕತೆಗೆ ತಿರುಗುಬಾಣವೂ ಆಗುತ್ತದೆ. ‘ಡಬ್ಲಿನ್ ಈವನಿಂಗ್ ಪೋಸ್ಟ್’ ಎಂಬ ಪತ್ರಿಕೆ ನಡೆಸುತ್ತಿದ್ದ ಜಾನ್ ಮೆಗಿಗೂ ಡೇಲಿಗೂ ಹಾವು ಮುಂಗುಸಿ ವೈರ. ಮೆಗಿ ತನ್ನ ಪತ್ರಿಕೆಯಲ್ಲಿ ಡೇಲಿಯ ಮಾನ ಹರಾಜು ಹಾಕಿದ್ದರಿಂದ 1789ರಲ್ಲಿ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿ ಊರಿಗೇ ದೊಡ್ಡ ಸುದ್ದಿಯಾಗಿತ್ತು. ಡೇಲಿಯ ಮೇಲೆ ಬರೆಯಲು ನೆಪ ಹುಡುಕುತ್ತಿದ್ದ ಪತ್ರಿಕೆ ಇರುವ ಊರಲ್ಲಿ, ಅವನ ಕಡೆಯವರು ಒಂದು ರಾತ್ರಿ ಎಲ್ಲ ಗೋಡೆಗಳ ಮೇಲೂ ಗೀಚಿದರೆ ಅದು ಸುದ್ದಿಯಾಗದೆ ಉಳಿಯುತ್ತದೆಯೇ? ಆ ಕಾಲದ ಪತ್ರಿಕೆಯೊಂದರಲ್ಲಾದರೂ ಈ ಬಾಜಿಯ ಸುದ್ದಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ದಾಖಲೆ ಸಿಗದಿರುವುದೇ ಘಟನೆ ನಡೆದಿಲ್ಲ ಎಂಬುದಕ್ಕೆ ಪುರಾವೆಯಲ್ಲ, ಒಪ್ಪುತ್ತೇನೆ. ಆದರೆ ದಾಖಲೆ ಇರಲೇಬೇಕಾದ ಜಾಗದಲ್ಲಿ ಇಲ್ಲ ಎಂದಾಗ ಅದಕ್ಕೊಂದು ತೂಕವಿದೆ.

ಹಾಗಾಗಿ ಎರಡು ಮಾತುಗಳನ್ನು ಬೇರೆ ಬೇರೆ ಇಡಿ. ‘ಡೇಲಿ ಪದ ಹುಟ್ಟಿಸಿದ’ ಎಂಬುದು ಸುಳ್ಳು. ಪದ ಅದಕ್ಕೂ ಮುಂಚೆ ಇತ್ತು. ‘ಡೇಲಿ ಅಂಥದ್ದೊಂದು ಬಾಜಿ ಕಟ್ಟಿದ್ದ’ ಎಂಬುದಕ್ಕೆ ಸಾಕ್ಷಿಯಿಲ್ಲ, ಆದರೆ ಅಸಾಧ್ಯವೂ ಅಲ್ಲ. ಆಗಲೇ ಚಾಲ್ತಿಯಲ್ಲಿದ್ದ ಪುಂಡ ಪದವೊಂದನ್ನು ಗೋಡೆಗಳ ಮೇಲೆ ಬರೆಸಿ ಯಾರೋ ಮಜಾ ತೆಗೆದುಕೊಂಡಿರಬಹುದು. ಕತೆಯನ್ನು ಖಂಡಿಸುವ ಹುಮ್ಮಸ್ಸಿನಲ್ಲಿ ಈ ಎರಡನೆಯದನ್ನೂ ‘ನಡೆದೇ ಇಲ್ಲ’ ಎಂದು ಅಚ್ಚು ಹಾಕಿಸಿಬಿಟ್ಟರೆ ನಿಮ್ಮದೂ ಆಧಾರವಿಲ್ಲದ ಮಾತೇ ಆಗುತ್ತದೆ.

ಡಬ್ಲಿನ್ ಈ ಕತೆಯಲ್ಲಿ ಯಾಕೆ ಬಂತು ಎಂಬುದಕ್ಕೆ ನನ್ನದೊಂದು ಊಹೆ ಇದೆ; ಊಹೆ ಎಂದೇ ತೆಗೆದುಕೊಳ್ಳಿ. 1790ರ ಹೊತ್ತಿಗೆ ಅಲ್ಲಿ ಒಂದು ಆಟಿಕೆಯ ಹುಚ್ಚು ಹಿಡಿದಿತ್ತು. ದಾರ ಸುತ್ತಿದ ಬಿಲ್ಲೆ, ಕೆಳಗೆ ಬಿಟ್ಟರೆ ಇಳಿದು ಮತ್ತೆ ಕೈಗೆ ಏರುವಂಥದ್ದು, ಈಗ ನಾವು ಯೋಯೋ ಎನ್ನುವುದೇ. ಫ್ರೆಂಚರು ಅದನ್ನು ಬಾಂಡಲೋರ್ ಎನ್ನುತ್ತಿದ್ದರು, ಇಂಗ್ಲಿಷ್‌ನಲ್ಲಿ ಅದರ ಹೆಸರು ಕ್ವಿಜ್. ಡಬ್ಲಿನ್‌ನಲ್ಲೇ ಹುಟ್ಟಿ ಬೆಳೆದ ಕವಿ ಥಾಮಸ್ ಮೂರ್ ತನ್ನ ನೆನಪುಗಳಲ್ಲಿ ಇದನ್ನು ಬರೆದಿದ್ದಾನೆ: ಉದ್ಯಾನಗಳಲ್ಲಿ ಹೆಂಗಸರು ಗಂಡಸರೆನ್ನದೆ ನಡೆಯುತ್ತ ನಡೆಯುತ್ತಲೇ ಇದನ್ನು ಆಡುತ್ತಿದ್ದರಂತೆ. ಮುಂದೆ ವಾಟರ್ಲೂ ಗೆದ್ದ ಡ್ಯೂಕ್ ಆಫ್ ವೆಲಿಂಗ್ಟನ್ ಆಗ ಐರಿಷ್ ಸಂಸತ್ತಿನ ಎಳೆಯ ಸದಸ್ಯ. ಸಮಿತಿಯೊಂದರ ಸಭೆಯುದ್ದಕ್ಕೂ ಆತ ಈ ಆಟಿಕೆ ಆಡಿಸುತ್ತಲೇ ಕೂತಿದ್ದನೆಂದು ತಾನು ಕೇಳಿದ್ದನ್ನೂ ಮೂರ್ ದಾಖಲಿಸಿದ್ದಾನೆ. ಅಂದರೆ ಆ ವರ್ಷಗಳಲ್ಲಿ ಕ್ವಿಜ್ ಎಂಬ ಸದ್ದು ಡಬ್ಲಿನ್‌ನ ತುಂಬ ಇತ್ತು, ಗೋಡೆಯಲ್ಲಲ್ಲ, ಕೈಯಲ್ಲಿ. ಊರಿಗೆ ಊರೇ ಒಂದು ವಿಚಿತ್ರ ಪದದ ಹಿಂದೆ ಬಿದ್ದಿತ್ತು ಎಂಬ ನೆನಪು ಉಳಿದು, ಅದಕ್ಕೊಬ್ಬ ನಾಯಕ ಬೇಕಾದಾಗ ಹೆಸರುವಾಸಿ ನಾಟಕದವನೊಬ್ಬ ಸಿಕ್ಕಿರಬಹುದೇ?

ಇನ್ನು ನಿಮ್ಮ ಸಹೋದ್ಯೋಗಿಯ ವಾದ. ಹಳೆಯ ಲ್ಯಾಟಿನ್ ಶಾಲೆಗಳ ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆ ‘ಕ್ವಿ ಎಸ್’, ಅದು ಸವೆದು ಕ್ವಿಜ್ ಆಯಿತು ಎನ್ನುತ್ತಾರೆ. ಕೇಳಲು ಸೊಗಸಾಗಿದೆ. ತೊಡಕು ಮತ್ತದೇ. ಪದದ ಮೊದಲ ಅರ್ಥ ಪರೀಕ್ಷೆಯಲ್ಲ. ಪರೀಕ್ಷೆಯಿಂದ ಹುಟ್ಟಿದ ಪದ ಮೊದಲು ಅರವತ್ತು ಎಪ್ಪತ್ತು ವರ್ಷ ‘ವಿಚಿತ್ರ ಮನುಷ್ಯ’ ಎಂದು ಬಾಳಿ ಆಮೇಲೆ ಪರೀಕ್ಷೆಗೆ ಮರಳಿತು ಎಂದು ಒಪ್ಪಬೇಕಾಗುತ್ತದೆ. ಅಷ್ಟು ಸುತ್ತು ದಾರಿಗೆ ನಡುವೆ ಎಲ್ಲಾದರೂ ಒಂದು ಹೆಜ್ಜೆ ಗುರುತು ಬೇಡವೇ?

ಲ್ಯಾಟಿನ್ ಕಡೆಯವರ ಇನ್ನೊಂದು ಸೂಚನೆ ಇದಕ್ಕಿಂತ ಗಟ್ಟಿ. ರೋಮನ್ ಕವಿ ಹೊರೇಸ್‌ನ ಪತ್ರಕವನವೊಂದರಲ್ಲಿ ‘ವಿರ್ ಬೋನುಸ್ ಎಸ್ಟ್ ಕ್ವಿಸ್’ ಎಂಬ ಸಾಲಿದೆ. ಒಳ್ಳೆಯ ಮನುಷ್ಯ ಎಂದರೆ ಯಾರು ಎಂದು ಅದರ ಅರ್ಥ. ಶಾಲಾ ಹುಡುಗರು ಬಾಯಿಪಾಠ ಮಾಡುತ್ತಿದ್ದ ಸಾಲು. ಕೊನೆಯ ಪದವನ್ನು ಹೆಸರಿನಂತೆ ತಿರುಚಿ, ‘ಪಾಪದ ಒಳ್ಳೆಯ ಮನುಷ್ಯ ಒಬ್ಬ ಕ್ವಿಜ್’ ಎಂದು ಹುಡುಗರು ಅಣಕ ಮಾಡಿಕೊಂಡಿರಬಹುದು ಎಂಬ ಊಹೆ. ಇದು ಮೊದಲ ಅರ್ಥಕ್ಕೂ ಹೊಂದುತ್ತದೆ, ವಿದ್ಯಾರ್ಥಿಗಳ ಪೋಲಿ ಭಾಷೆಯಿಂದ ಬಂದಿರಬಹುದು ಎಂಬ ನಿಘಂಟುಕಾರರ ಶಂಕೆಗೂ ಹೊಂದುತ್ತದೆ. ಹೊಂದುತ್ತದೆ ಎಂಬುದಷ್ಟೇ ಅದರ ಬಲ. ನಡೆಯಿತು ಎನ್ನಲು ಒಂದು ಕಾಗದವೂ ಇಲ್ಲ.

ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಈ ವಾದ ಮಾಡುವವರೆಲ್ಲ ಕೊನೆಗೆ ‘ಕ್ಯೂ ಅಕ್ಷರ ಇದೆಯಲ್ಲ, ಅಂದಮೇಲೆ ಲ್ಯಾಟಿನ್ನೇ’ ಎಂದು ಮುಗಿಸುತ್ತಾರೆ. ಹಾಗೇನಿಲ್ಲ. ಕ್ವೀನ್, ಕ್ವಿಕ್ ಎರಡೂ ಅಪ್ಪಟ ಇಂಗ್ಲಿಷ್ ಪದಗಳು. ಹಳೆಯ ಇಂಗ್ಲಿಷ್‌ನಲ್ಲಿ ಅವನ್ನು ಸಿ ಮತ್ತು ಡಬ್ಲ್ಯು ಸದ್ದಿನ ಅಕ್ಷರಗಳಿಂದ ಬರೆಯುತ್ತಿದ್ದರು. ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯ ಲಿಪಿಕಾರರು ಕ್ಯೂ, ಯು ಜೋಡಿಯನ್ನು ತಂದು ತುರುಕಿದರು. ಕಾಗುಣಿತ ನೋಡಿ ಪದದ ಕುಲ ಹೇಳಲಾಗದು.

ಪರೀಕ್ಷೆಯ ಅರ್ಥ ಬಂದಿದ್ದು 19ನೇ ಶತಮಾನದ ನಡುಭಾಗದಲ್ಲಿ, ಮುಖ್ಯವಾಗಿ ಅಮೆರಿಕದಲ್ಲಿ. ಮುಂದೆ ಮನಶ್ಶಾಸ್ತ್ರಜ್ಞನೆಂದು ಹೆಸರಾದ ವಿಲಿಯಂ ಜೇಮ್ಸ್ ಇನ್ನೂ ವೈದ್ಯಕೀಯ ಓದುತ್ತಿದ್ದ ಕಾಲ. 1867ರ ಡಿಸೆಂಬರಿನ ಪತ್ರದಲ್ಲಿ ಆತ ಅಂಗರಚನೆ ಮತ್ತು ಶರೀರಕ್ರಿಯೆಯ ವಿಷಯದಲ್ಲಿ ‘ಕ್ವಿಜ್’ಗಳನ್ನು ನಡೆಸುವ ಮಾತೆತ್ತುತ್ತಾನೆ. ಅಲ್ಲಿನ ವೈದ್ಯಕೀಯ ಕಾಲೇಜುಗಳ ಸುತ್ತ, ಪಾಠ ಮುಗಿದ ಮೇಲೆ ಹುಡುಗರನ್ನು ಪ್ರಶ್ನೆ ಕೇಳಿ ಕೇಳಿ ಪರೀಕ್ಷೆಗೆ ಹುರಿಗೊಳಿಸುವ ಕ್ವಿಜ್ ತರಗತಿಗಳು ನಡೆಯುತ್ತಿದ್ದವು. ಗೇಲಿಯಿಂದ ಪ್ರಶ್ನೆಗೆ ದಾರಿ ಹೇಗಾಯಿತು ಎಂಬುದನ್ನು ಅಂದಾಜು ಮಾಡುವುದು ಕಷ್ಟವಲ್ಲ: ಛೇಡಿಸು, ಛೇಡಿಸುವ ಕಣ್ಣಿನಿಂದ ದಿಟ್ಟಿಸು, ಕೆದಕಿ ಕೇಳು. ಕುತೂಹಲದಿಂದ ಕೆದಕಿ ಕೇಳುವ ಎಂಬರ್ಥದ ‘ಇನ್‌ಕ್ವಿಸಿಟಿವ್’ ಎಂಬ ಲ್ಯಾಟಿನ್ ಮೂಲದ ಪದ ಪಕ್ಕದಲ್ಲೇ ಇದ್ದು ಅದರ ನೆರಳೂ ಬಿದ್ದಿರಬಹುದು. ಅಥವಾ ಪ್ರಶ್ನೆಯ ಕ್ವಿಜ್ ಬೇರೆಯೇ ಪದವಾಗಿದ್ದು ಕಾಗುಣಿತ ಮಾತ್ರ ಒಂದಾಗಿರಬಹುದು ಎನ್ನುವವರೂ ಇದ್ದಾರೆ. ಆಮೇಲಿನದು ನಿಮಗೆ ಗೊತ್ತೇ ಇದೆ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ‘ಪ್ರೊಫೆಸರ್ ಕ್ವಿಜ್’ನಂಥ ಕಾರ್ಯಕ್ರಮ ಬಂದು, ತರಗತಿಯ ಪದ ಮನರಂಜನೆಯ ಪದವಾಯಿತು.

‘ಮೂಲ ತಿಳಿಯದು’ ಎಂದರೆ ಏನರ್ಥ ಎಂದು ಕೇಳಿದ್ದೀರಿ. ಯಾರೂ ತಲೆ ಕೆಡಿಸಿಕೊಂಡಿಲ್ಲ ಎಂದಲ್ಲ, ಹುಡುಕಿದವರು ಎಷ್ಟು ದೂರ ಹೋಗಿ ನಿಂತರು ಎಂಬುದರ ಗುರುತು ಅದು. ಆಕ್ಸ್‌ಫರ್ಡ್ ನಿಘಂಟಿನ ಯೋಜನೆ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯಲ್ಲಿ 1857ರಲ್ಲಿ ಮೊಳೆಯಿತು, ಮೊದಲ ಕಂತು 1884ರಲ್ಲಿ ಬಂತು, ಕೊನೆಯದು 1928ರಲ್ಲಿ. ಊರೂರಿನ ಓದುಗರು ಹಳೆಯ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಕಳಿಸುವುದು, ಇಸವಿ ಪ್ರಕಾರ ಅವನ್ನು ಜೋಡಿಸುವುದು, ಅರ್ಥ ಹೇಗೆ ತಿರುಗಿತು ಎಂದು ನೋಡುವುದು, ಕೆಲಸ ಇದೇ. ಚೀಟಿಗಳ ಸಾಲು ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ನಿಘಂಟುಕಾರನ ಮಾತೂ ನಿಲ್ಲಬೇಕು. ಪುಂಡ ಪದಗಳಲ್ಲಿ ಆ ಸಾಲು ಬೇಗ ನಿಂತುಬಿಡುತ್ತದೆ. ಹಾಸ್ಟೆಲಿನ ಹುಡುಗರು ಇವತ್ತು ಹುಟ್ಟಿಸಿದ ಪದವನ್ನು ಯಾರು ಬರೆದಿಡುತ್ತಾರೆ? ಅದು ಕಾಗದಕ್ಕೆ ಇಳಿಯುವಷ್ಟರಲ್ಲಿ ಹುಟ್ಟಿಸಿದವರು ಮರೆತಿರುತ್ತಾರೆ. ಆದ್ದರಿಂದ ಮೊದಲ ಉಲ್ಲೇಖದ ಇಸವಿಯನ್ನು ಪದದ ಜನ್ಮದಿನ ಎಂದು ತಿಳಿಯಬೇಡಿ. ಇಷ್ಟು ಹೊತ್ತಿಗಂತೂ ಹುಟ್ಟಿತ್ತು ಎನ್ನಬಹುದು, ಅಷ್ಟೇ.

ನಿಘಂಟನ್ನೂ ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಪದ ಇತ್ತು, ಅರ್ಥ ಸಾಂದ್ರತೆ. ನಿಜಕ್ಕೂ ಅಂಥ ಪದವೇ ಇಲ್ಲ. ಸಾಂದ್ರತೆಗೆ ದೊಡ್ಡ ಡಿ ಅಥವಾ ಚಿಕ್ಕ ಡಿ ಎಂಬ ಸಂಕೇತ ಬಳಸುತ್ತಾರೆ ಎಂದು ಬರೆದಿದ್ದ ಚೀಟಿಯ ‘ಡಿ ಆರ್ ಡಿ’ (ಡಿ ಅಥವಾ ಡಿ) ಎಂಬುದನ್ನು ಯಾರೋ ಒಂದೇ ಪದವಾಗಿ ಕೂಡಿಸಿ ಓದಿದ್ದರು. 1939ರಲ್ಲಿ ಸಂಪಾದಕರೊಬ್ಬರು ಮೂಲವಿವರಣೆಯೇ ಇಲ್ಲದ ಈ ನಮೂದನ್ನು ಕಂಡು ಅನುಮಾನಪಟ್ಟ ಮೇಲೆ ಬಯಲಾಯಿತು.

ಇದೇ ಬಗೆಯ ತಪ್ಪು ಓದು ನಿಮ್ಮ ಗೂಗಲ್ ಬುಕ್ಸ್ ಹುಡುಕಾಟದಲ್ಲೂ ಆಗಿದೆ. 1600ರ ಆಸುಪಾಸಿನದು ಎಂದು ತೋರಿಸಿದ ಪುಟವನ್ನು ತೆರೆದು ಕಣ್ಣಾರೆ ನೋಡಿ. ಲ್ಯಾಟಿನ್ ಪುಸ್ತಕವಾಗಿದ್ದರೆ ‘ಕ್ವಿಯಾ’ ಅಥವಾ ‘ಕ್ವಿಸ್’ ಎಂಬ ಪದವನ್ನು, ಮಸಿ ಹರಡಿದ ಅಕ್ಷರವನ್ನು, ಯಂತ್ರ ಕ್ವಿಜ್ ಎಂದು ಓದಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಅಚ್ಚಿನ ಉದ್ದ ಎಸ್ ಅಕ್ಷರ ಎಫ್‌ನಂತೆ ಕಾಣುವುದರಿಂದ ಆಗುವ ಅವಾಂತರಗಳಂತೂ ಲೆಕ್ಕವಿಲ್ಲ. ಇಸವಿಯೂ ಕೈಕೊಡುತ್ತದೆ: ನೂರು ವರ್ಷ ನಡೆದ ಪತ್ರಿಕೆಯ ಎಲ್ಲ ಸಂಪುಟಗಳಿಗೂ ಮೊದಲ ಸಂಪುಟದ ಇಸವಿಯನ್ನೇ ಅಂಟಿಸಿರುವುದು ಅಲ್ಲಿ ಸಾಮಾನ್ಯ. ನಾನು ಮುಖಪುಟದ ಚಿತ್ರ ಮತ್ತು ಪದವಿರುವ ಪುಟದ ಚಿತ್ರ ಎರಡನ್ನೂ ನೋಡದೆ ಯಾವ ಇಸವಿಯನ್ನೂ ಗುರುತು ಹಾಕಿಕೊಳ್ಳುವುದಿಲ್ಲ. ಪದ ಸಿಕ್ಕಿತು ಎಂದಾದರೂ ಆ ವಾಕ್ಯದಲ್ಲಿ ಅದರ ಅರ್ಥ ಏನು ಎಂದು ಓದಬೇಕು. ಡೇಲಿಯ ಕತೆಯನ್ನು ಕೆಡವಿದ್ದು ಅದೇ ತಾನೆ.

ನಂಬಲಾಗದಂಥ ಕತೆಗಳೆಲ್ಲ ಸುಳ್ಳು ಎಂದು ಮಾತ್ರ ತಿಳಿಯಬೇಡಿ. ‘ಓಕೆ’ಯ ಕತೆ ಡೇಲಿಯದಕ್ಕಿಂತ ಅಸಂಬದ್ಧ. 1830ರ ದಶಕದ ಬಾಸ್ಟನ್‌ನಲ್ಲಿ ಪತ್ರಕರ್ತರಿಗೆ ಬೇಕಂತಲೇ ತಪ್ಪು ಕಾಗುಣಿತ ಬರೆದು ಅದನ್ನು ಮೊಟಕು ಮಾಡುವ ಖಯಾಲಿ ಹತ್ತಿತ್ತು. ‘ಆಲ್ ಕರೆಕ್ಟ್’ ಎಂಬುದನ್ನು ಓ ಮತ್ತು ಕೆಯಿಂದ ಶುರುವಾಗುವಂತೆ ಕೆಡಿಸಿ, ಅದರ ಮೊದಲಕ್ಷರ ತೆಗೆದರೆ ಓಕೆ. ನಗೆಪಾಟಲಿನ ಮಾತಿನಂತಿದೆ. ಆದರೆ 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ನಲ್ಲಿ ಅರ್ಥಸಮೇತ ಅಚ್ಚಾಗಿದೆ, ಅದೇ ಜಾತಿಯ ಬೇರೆ ಮೊಟಕುಗಳೂ ಆ ಕಾಲದ ಪತ್ರಿಕೆಗಳಲ್ಲಿವೆ. ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸ ಅವನ್ನೆಲ್ಲ ಹೆಕ್ಕಿ 1960ರ ದಶಕದಲ್ಲಿ ಲೇಖನಮಾಲೆ ಬರೆದ ಮೇಲೆ ತಂಟೆ ಮುಗಿಯಿತು. ಅದೃಷ್ಟವಶಾತ್ ಅನಿರೀಕ್ಷಿತವಾಗಿ ಒಳ್ಳೆಯದೇನೋ ಸಿಗುವುದು ಎಂಬರ್ಥದ ‘ಸೆರೆಂಡಿಪಿಟಿ’ಯದು ಇನ್ನೂ ಅಪರೂಪ: ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ 1754ರ ಜನವರಿ 28ರ ಪತ್ರದಲ್ಲಿ, ಈ ಪದವನ್ನು ತಾನೇ ಕಟ್ಟಿದ್ದು, ಸೆರೆಂಡಿಪ್‌ನ ಮೂವರು ರಾಜಕುಮಾರರ ಕತೆಯಿಂದ ತೆಗೆದಿದ್ದು ಎಂದು ಕೈಯಾರೆ ಬರೆದಿಟ್ಟಿದ್ದಾನೆ. ಸೆರೆಂಡಿಪ್ ಎಂದರೆ ಲಂಕೆಯ ಹಳೆಯ ಹೆಸರು. ಒಬ್ಬನೇ ಕೂತು ಪದ ಹುಟ್ಟಿಸುವುದು ಅಪರೂಪವಾದರೂ ನಡೆಯುವುದೇ. ನಡೆದಲ್ಲಿ ಆ ಕಾಲದ್ದೇ ಕಾಗದ ಒಂದಾದರೂ ಸಿಕ್ಕಬೇಕು ಎಂದು ನಾವು ಹಟ ಹಿಡಿಯುತ್ತೇವೆ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಸಂಚಿಕೆ. ಕತೆಯನ್ನು ಪೂರ್ತಿ ಕೈಬಿಡುವುದು ಒಂದು ದಾರಿ, ಆದರೆ ಅದನ್ನು ಕೇಳಿ ಬೆಳೆದ ಮಕ್ಕಳು ಇನ್ನೆಲ್ಲೋ ಅದನ್ನೇ ನಿಜವೆಂದು ಹೇಳುತ್ತ ಹೋಗುತ್ತಾರೆ. ‘ಒಂದು ದಂತಕತೆಯಿದೆ’ ಎಂದು ಶುರುಮಾಡಿ ಇಡೀ ಕತೆ ಬರೆಯುವುದು ಇನ್ನೊಂದು. ಅದರ ಅಪಾಯ ನಿಮಗೂ ಗೊತ್ತು: ಓದುಗನ ನೆನಪಲ್ಲಿ ಉಳಿಯುವುದು ಕತೆ, ದಂತಕತೆ ಎಂಬ ಎಚ್ಚರಿಕೆಯಲ್ಲ. ನಾನಾಗಿದ್ದರೆ 1783ರ ಪತ್ರಿಕೆಯ ವಿವರಣೆಯಿಂದ ಶುರುಮಾಡಿ, ಟೋಪಿ ಮತ್ತು ಯೋಯೋ ದಾಟಿ, ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳವರೆಗೆ ಬಂದು, ಡೇಲಿಯನ್ನು ನಡುವೆ ಎರಡು ಸಾಲಿನಲ್ಲಿ, ಬಿದ್ದುಹೋದ ಕತೆಯಾಗಿಯೇ ತರುತ್ತಿದ್ದೆ. ಲ್ಯಾಟಿನ್ ವಾದಕ್ಕೆ ‘ಹೀಗೂ ಊಹಿಸಿದ್ದಾರೆ’ ಎಂಬ ಒಂದು ವಾಕ್ಯ ಸಾಕು, ಸಹೋದ್ಯೋಗಿಗೂ ಸಮಾಧಾನವಾದೀತು.

ಸ್ಪರ್ಧೆಯಲ್ಲಿ ‘ಕ್ವಿಜ್ ಪದವನ್ನು ಹುಟ್ಟಿಸಿದವರು ಯಾರು’ ಎಂದು ದಯವಿಟ್ಟು ಕೇಳಬೇಡಿ. ಡೇಲಿ ಎಂದ ತಂಡಕ್ಕೆ ಅಂಕ ಕೊಟ್ಟರೆ ತಪ್ಪು, ಯಾರಿಗೂ ಗೊತ್ತಿಲ್ಲ ಎಂದ ತಂಡಕ್ಕೆ ಅಂಕ ಕೊಡದಿದ್ದರೆ ಅನ್ಯಾಯ. ಎರಡರಲ್ಲಿ ಯಾವುದಾದರೂ ಸಭೆಯಲ್ಲಿ ಗಲಾಟೆ ಖಾತ್ರಿ. ‘18ನೇ ಶತಮಾನದ ಕೊನೆಯಲ್ಲಿ ಒಬ್ಬರನ್ನು ಕ್ವಿಜ್ ಎಂದು ಕರೆದರೆ ಏನರ್ಥ?’ ಎಂದು ಕೇಳಿ. ಉತ್ತರ ಒಂದೇ, ದಾಖಲೆ ಕೈಯಲ್ಲಿದೆ. ‘1790ರಲ್ಲಿ ಡಬ್ಲಿನ್‌ನಲ್ಲಿ ಕ್ವಿಜ್ ಎಂದು ಕರೆಯುತ್ತಿದ್ದ ಆಟಿಕೆಯ ಈಗಿನ ಹೆಸರೇನು?’ ಎಂಬುದು ಅಂತಿಮ ಸುತ್ತಿಗೆ ಚೆನ್ನಾಗಿರುತ್ತದೆ. ಇನ್ನು ನಿಮ್ಮ ಹುಡುಕಾಟದಲ್ಲಿ 1780ಕ್ಕಿಂತ ಹಿಂದಿನ ಅಸಲಿ ಪ್ರಯೋಗವೇನಾದರೂ ಸಿಕ್ಕರೆ, ಪುಟದ ಚಿತ್ರ, ಪುಸ್ತಕದ ಮುಖಪುಟ, ವಾಕ್ಯದ ಹಿಂದುಮುಂದು ಇಟ್ಟುಕೊಂಡು ಆಕ್ಸ್‌ಫರ್ಡ್ ನಿಘಂಟಿನವರಿಗೆ ಬರೆಯಿರಿ. ಹೊರಗಿನ ಓದುಗರಿಂದ ಹಳೆಯ ಉಲ್ಲೇಖಗಳನ್ನು ಅವರು ಈಗಲೂ ತೆಗೆದುಕೊಳ್ಳುತ್ತಾರೆ.